ಇಟಲಿಯ ಪಾಸ್ತಾ ಸಾಸ್ ಇಲ್ಲಿ ತಂದು ಮಾರುವುದು ಹೇಗೆ?

ಪಾಸ್ತಾ ಸಾಸ್ ಬಾಟಲಿಗೆ ಫ್ರಿಜ್ ಬೇಡ, ವರ್ಷಗಟ್ಟಲೆ ಕೆಡುವುದಿಲ್ಲ, ಹಾಗಾಗಿ ಆಮದು ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಕೆಡುವುದಿಲ್ಲ ಅನ್ನುವುದು ನಿಜ. ಆದರೆ ಎಕ್ಸ್‌ಪೈರಿಗೆ ಇನ್ನೆಷ್ಟು ತಿಂಗಳು ಬಾಕಿ ಇದೆ ಅನ್ನುವುದರ ಮೇಲೆಯೇ ಈ ವ್ಯಾಪಾರ ನಿಂತಿದೆ. ನೀವು ದುಡ್ಡು ಕೊಡುವುದು ಸಾಸ್‌ಗೆ ಮಾತ್ರ ಅಲ್ಲ, ಆ ತಿಂಗಳುಗಳಿಗೂ ಸೇರಿ.

ಯಾವ ಸಾಸ್ ತರಿಸಬೇಕು?

ಟೊಮೆಟೊ, ಎಣ್ಣೆ, ಬೆಳ್ಳುಳ್ಳಿ, ಬೇಸಿಲ್ ಇರುವ ಮರಿನಾರಾ, ಇಲ್ಲವೇ ಮೆಣಸಿನಕಾಯಿ ಹಾಕಿದ ಅರಾಬಿಯಾತಾದಿಂದ ಶುರು ಮಾಡಿ. ಸಾಸ್‌ನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಅನ್ನುವ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವುದಿಲ್ಲ. ಟೊಮೆಟೊದ ಹುಳಿ ಇದಕ್ಕೆ ನೆರವಾಗುತ್ತದೆ. ಆದರೆ ಬೆಳ್ಳುಳ್ಳಿ, ತರಕಾರಿ ಜಾಸ್ತಿಯಾದಷ್ಟೂ ಹುಳಿ ತಗ್ಗುತ್ತದೆ. ಅದಕ್ಕೇ ಪ್ರತಿ ಬ್ಯಾಚಿನ ಪಿಎಚ್ ವರದಿಯನ್ನು ತಯಾರಕರಿಂದ ಕೇಳಿ ಪಡೆಯಿರಿ.

ಬೇಸಿಲ್, ಚೀಸ್ ಅರೆದು ಮಾಡುವ ಪೆಸ್ಟೊದ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ ಹಾಕುವ ಪಾರ್ಮಿಜಾನೊ, ಪೆಕೊರಿನೊ ಚೀಸ್‌ಗಳನ್ನು ಕರು, ಕುರಿಮರಿಗಳ ಜಠರದಿಂದ ತೆಗೆದ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಕಿಣ್ವ) ಬಳಸಿ ಮಾಡುತ್ತಾರೆ. ಹಾಲಿನ ಉತ್ಪನ್ನ, ಮಾಂಸ ಅಂದ ಕೂಡಲೇ ಪಶು ಆರೋಗ್ಯದ ಪ್ರಮಾಣಪತ್ರ, ಪರವಾನಗಿಗಳ ಪ್ರಶ್ನೆ ಏಳುತ್ತದೆ. ಮೊದಲ ಕಂಟೇನರ್‌ಗೆ ಆ ಭಾರ ಬೇಡ.

ಕಾಗದಪತ್ರ

ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಕೋಡ್ ಪಡೆಯಿರಿ. ಆನ್‌ಲೈನ್ ಅರ್ಜಿ, ಶುಲ್ಕ 500 ರೂಪಾಯಿ. ನಂತರ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಕೇಂದ್ರ ಲೈಸೆನ್ಸ್. ಆಮದುದಾರರಿಗೆ ರಾಜ್ಯದ ಲೈಸೆನ್ಸ್ ಸಾಲದು. ಪ್ಯಾಕೆಟ್ ಸರಕಿನ ಆಮದುದಾರರಾಗಿ ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ಇಲಾಖೆಯಲ್ಲೂ ನೋಂದಣಿ ಆಗಬೇಕು. ಇವೆಲ್ಲ ಕೈಗೆ ಬರುವ ಮುಂಚೆ ಅಡ್ವಾನ್ಸ್ ಕಳಿಸಬೇಡಿ.

ಲೇಬಲ್‌ನಲ್ಲೇ ಇದೆ ಎಲ್ಲ

ಅತಿ ಹೆಚ್ಚು ಸಮಯ ಇಲ್ಲಿ ಕೊಡಿ. ಹಡಗು ಹತ್ತುವ ಮುಂಚೆಯೇ ಲೇಬಲ್‌ನ ಫೋಟೊ ತರಿಸಿಕೊಂಡು ಒಂದೊಂದು ಸಾಲನ್ನೂ ಓದಿ. ಬರೀ ಇಟಾಲಿಯನ್‌ನಲ್ಲಿದ್ದರೆ ನಡೆಯುವುದಿಲ್ಲ, ಇಂಗ್ಲಿಷ್ ಅಥವಾ ಹಿಂದಿ ಇರಲೇಬೇಕು. ಆಮದುದಾರರ ಹೆಸರು-ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೊ ಮತ್ತು ಲೈಸೆನ್ಸ್ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ ಬಿಟ್ಟುಹೋಗಿದ್ದರೆ ಇಲ್ಲಿ ಬಾಂಡೆಡ್ ಗೋದಾಮಿನಲ್ಲೇ (ಸುಂಕ ಕಟ್ಟುವ ಮುಂಚೆ ಸರಕು ಇಡುವ ಕಸ್ಟಮ್ಸ್ ಗೋದಾಮು) ಸ್ಟಿಕರ್ ಅಂಟಿಸಿ ಸರಿಪಡಿಸಬಹುದು. ಆದರೆ ಎಕ್ಸ್‌ಪೈರಿ, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ ಕಾರ್ಖಾನೆಯಿಂದಲೇ ಬರಬೇಕು. ಅದರಲ್ಲಿ ತಪ್ಪಿದ್ದರೆ ಸ್ಟಿಕರ್ ಕಾಪಾಡುವುದಿಲ್ಲ. ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ನಂಬರ್ ಕೂಡ ಬೇಕು. ಮೂಲ ಲೇಬಲ್‌ನ ಮಾಹಿತಿ ಮುಚ್ಚಿಹೋಗದ ಹಾಗೆ ಸ್ಟಿಕರ್ ಎಲ್ಲಿ ಕೂರುತ್ತದೆ ಅಂತ ಒಂದು ಖಾಲಿ ಬಾಟಲಿ ಇಟ್ಟುಕೊಂಡು ನೋಡಿ. ದುಂಡನೆಯ ಗಾಜಿನ ಮೇಲೆ ಜಾಗ ತುಂಬ ಕಡಿಮೆ.

ಕಂಟೇನರ್ ಮತ್ತು ಬಂದರು

ಗಾಜು ಭಾರ. 20 ಅಡಿ ಕಂಟೇನರ್‌ನಲ್ಲಿ ಜಾಗ ಮುಗಿಯುವ ಮುಂಚೆ ತೂಕದ ಮಿತಿ ಮುಟ್ಟಿಬಿಡುತ್ತದೆ. ಒಳಗೆ ತೇವ ಹೀರುವ ಚೀಲಗಳನ್ನು ಹಾಕಿಸಿ. ಹಗಲು ಬಿಸಿ, ರಾತ್ರಿ ತಂಪು ಆಗುವಾಗ ಕಂಟೇನರ್ ತಾರಸಿಯಿಂದ ನೀರು ತೊಟ್ಟಿಕ್ಕಿ ರಟ್ಟಿನ ಪೆಟ್ಟಿಗೆ ಮೆತ್ತಗಾಗುತ್ತದೆ, ಮುಚ್ಚಳಕ್ಕೆ ತುಕ್ಕು ಹಿಡಿಯುತ್ತದೆ.

ಸರಕು ಮುಂಬೈ ಹತ್ತಿರದ ನಾವಾ ಶೇವಾ ಬಂದರಿಗೆ ಅಥವಾ ಚೆನ್ನೈಗೆ ಬಂದಿಳಿಯುತ್ತದೆ ಅಂದುಕೊಳ್ಳಿ. ಕಸ್ಟಮ್ಸ್ ಏಜೆಂಟ್ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ಘೋಷಣಾ ಪತ್ರ ಹಾಕುತ್ತಾರೆ. ಎಫ್‌ಎಸ್‌ಎಸ್‌ಎಐ ಅಧಿಕಾರಿ ಸರಕು ಪರಿಶೀಲಿಸಿ ಸ್ಯಾಂಪಲ್ ತೆಗೆಯುತ್ತಾರೆ. ಲ್ಯಾಬ್ ಐದು ದಿನದಲ್ಲಿ ವರದಿ ಕೊಡಬೇಕು ಅನ್ನುತ್ತದೆ 2017ರ ಆಮದು ನಿಯಮ. ರಜೆ ಅಡ್ಡ ಬಂದರೆ ಬಂದರಿನ ಬಾಡಿಗೆ ಏರುತ್ತಲೇ ಇರುತ್ತದೆ. ಅದಕ್ಕೆ ಬಜೆಟ್‌ನಲ್ಲಿ ದುಡ್ಡು ಎತ್ತಿಡಿ.

ಇನ್ನು ತಾರೀಖಿನ ಲೆಕ್ಕ. ಬಂದಿಳಿದಾಗ ಒಟ್ಟು ಬಾಳಿಕೆಯ ಶೇ 60ರಷ್ಟು, ಅಥವಾ ಎಕ್ಸ್‌ಪೈರಿಗೆ ಮೂರು ತಿಂಗಳು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಬಾಕಿ ಇರಬೇಕು. ಎರಡು ವರ್ಷ ಬಾಳುವ ಸಾಸ್‌ಗೆ ಶೇ 60 ಅಂದರೆ 14 ತಿಂಗಳಿಗೂ ಜಾಸ್ತಿ, ಹಾಗಾಗಿ ಮೂರು ತಿಂಗಳು ಸಾಕು. ಇದನ್ನೇ ನಂಬಿ ಡಿಸ್ಕೌಂಟ್‌ಗೆ ಸಿಕ್ಕಿದ ಹಳೇ ಬ್ಯಾಚ್ ಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ. ಕಾನೂನು ಒಪ್ಪಿದರೂ ಅಂಗಡಿ ಒಪ್ಪುವುದಿಲ್ಲ. ಆನ್‌ಲೈನ್‌ನಲ್ಲಂತೂ ಗ್ರಾಹಕರ ಕೈ ಸೇರುವಾಗ ಶೇ 30ರಷ್ಟು ಬಾಳಿಕೆ ಅಥವಾ 45 ದಿನ ಬಾಕಿ ಇರಬೇಕು ಅಂತ 2024ರಲ್ಲಿ ಎಫ್‌ಎಸ್‌ಎಸ್‌ಎಐ ಹೇಳಿದೆ.

ಬೆಲೆ ಕಟ್ಟುವಾಗ

ಸುಂಕ ಬೀಳುವುದು ಸರಕಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ. ಬಾಟಲಿಗೆ ಆ ಮೊತ್ತ 100 ರೂಪಾಯಿ, ಮೂಲ ಸುಂಕ ಶೇ 30 ಅಂತ ಇಟ್ಟುಕೊಳ್ಳಿ. ಸುಂಕ 30, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ 3, ಒಟ್ಟು 133. ಇದರ ಮೇಲೆ ಜಿಎಸ್‌ಟಿ. ಸಾಸ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ 5ಕ್ಕೆ ಇಳಿದಿದೆ. ಸಾಸ್‌ಗಳ ಎಚ್‌ಎಸ್ ಕೋಡ್ (ಸುಂಕದ ದರ ಹುಡುಕಲು ಸರಕಿಗೆ ಕೊಡುವ ಸಂಖ್ಯೆ) 2103ರಿಂದ ಶುರುವಾಗುತ್ತದೆ. ಆ ದಿನದ ಸುಂಕದ ದರವನ್ನು ಏಜೆಂಟ್ ಹತ್ತಿರ ಬರಹದಲ್ಲಿ ಪಡೆಯಿರಿ. ಆಮೇಲೆ ಬಂದರಿನ ಖರ್ಚು, ಲಾರಿ, ಡಿಸ್ಟ್ರಿಬ್ಯೂಟರ್ ಮಾರ್ಜಿನ್, ಅಂಗಡಿಯ ಮಾರ್ಜಿನ್ ಸೇರಿಸಿ.

ಹಂಚಿಕೆ

ಪೆಟ್ಟಿಗೆ ಗೋದಾಮಿಗೆ ಬಂದ ದಿನವೇ ಕೆಲವನ್ನು ಬಿಚ್ಚಿ, ಮುಚ್ಚಳದ ನಡುವೆ ಹೆಬ್ಬೆಟ್ಟಿನಿಂದ ಒತ್ತಿ. ಟಕ್ ಅಂದರೆ ಒಳಗೆ ವ್ಯಾಕ್ಯೂಮ್ ಹೋಗಿದೆ, ಅದನ್ನು ಮಾರಬೇಡಿ. ಒಂದು ಬಾಟಲಿ ಒಡೆದರೆ ಕೆಂಪು ಸಾಸ್ ಹರಿದು ಉಳಿದವುಗಳ ಲೇಬಲ್ಲೂ ಹಾಳು. ಹಾನಿಯ ಫೋಟೊ ತೆಗೆದು ಆಗಲೇ ವಿಮೆಯವರಿಗೆ ತಿಳಿಸಿ.

ಎಲ್ಲ ಕಡೆ ಒಟ್ಟಿಗೆ ಇಡಲು ಹೋಗಬೇಡಿ. ಬೆಂಗಳೂರಿನಂಥ ಒಂದೇ ನಗರದಲ್ಲಿ ಕೆಲವು ಸೂಪರ್‌ಮಾರ್ಕೆಟ್, ಕೆಲವು ಕೆಫೆಗಳಿಂದ ಶುರು ಮಾಡಿ. ಕೆಫೆಯವರಿಗೆ ಚಂದದ ಗಾಜಿನ ಬಾಟಲಿ ಬೇಡ, ದೊಡ್ಡ ಡಬ್ಬ ಸಾಕು. ಮಾರಾಟವಾಗದ ಸರಕು ವಾಪಸ್ ಬಂದರೆ ನಷ್ಟ ಯಾರದು ಅಂತ ಕರಾರಿನಲ್ಲೇ ಬರೆಸಿ. ಎಕ್ಸ್‌ಪೈರಿ ಹತ್ತಿರವಿರುವ ಬ್ಯಾಚ್ ಮೊದಲು ಹೊರಡಲಿ. ಅವಧಿ ಮುಗಿದ, ತಿರಸ್ಕೃತವಾದ ಸರಕಿನ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಎಫ್‌ಎಸ್‌ಎಸ್‌ಎಐ ಪೋರ್ಟಲ್‌ಗೆ ಕೊಡಬೇಕಿರುವುದರಿಂದ ಬ್ಯಾಚ್‌ವಾರು ಪುಸ್ತಕ ಮೊದಲ ದಿನದಿಂದಲೇ ಇರಲಿ. ಎರಡನೇ ಆರ್ಡರ್ ಎಷ್ಟು, ಯಾವಾಗ ಅಂತ ತೀರ್ಮಾನಿಸುವುದೂ ಅದೇ ಪುಸ್ತಕ ನೋಡಿಯೇ.