ಕೂದಲು ಕಸಿ ಮಾಡಿಸ್ಕೊಂಡ ಮೇಲೆ ಕೋಲಾರದ ಬಿಸಿಲಲ್ಲಿ ತಲೆ ಕಾಪಾಡ್ಕೊಂಡಿದ್ದು

ನೋವಾಗತ್ತಾ ಅಂತ ಆಮೇಲೆ ಕೇಳಿದ್ದು, ಡಾಕ್ಟರ್ ಹತ್ರ ನಾನು ಮೊದ್ಲು ಕೇಳಿದ್ದು ನಮ್ಮೂರ ಬೋರ್ ನೀರಲ್ಲಿ ತಲೆ ತೊಳೀಬಹುದಾ ಸಾರ್ ಅಂತ. ಕೋಲಾರದ ಕಡೆಯವ್ರಿಗೆ ಬಿಡಿಸಿ ಹೇಳ್ಬೇಕಿಲ್ಲ, ಸೋಪು ಎಷ್ಟು ಉಜ್ಜಿದ್ರೂ ನೊರೆ ಬರಲ್ಲ, ಬಕೆಟ್ ಅಂಚಲ್ಲಿ ಬಿಳಿ ಪೊರೆ ಕಟ್ಟಿರತ್ತೆ, ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗತ್ತೆ. ಡಾಕ್ಟರ್ ನಕ್ಕು, ಮೊದಲೆರಡು ವಾರ ಕುಡಿಯೋಕೆ ತರ್ತೀರಲ್ಲ ಅದೇ ನೀರು ಬಳಸಿ, ಆಮೇಲೆ ನಿಮ್ಮಿಷ್ಟ ಅಂದ್ರು. ಹಂಗಾಗಿ ನಮ್ಮ ಏರಿಯಾದ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದ 20 ಲೀಟರ್ ಕ್ಯಾನ್ ಒಂದು ಬಚ್ಚಲುಮನೆಗೇ ಅಂತ ಎತ್ತಿಟ್ವಿ.

ನಾನು ಎಪಿಎಂಸಿ ಟೊಮೇಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯೋನು. ಮೂವತ್ತಾಗೋಷ್ಟ್ರಲ್ಲಿ ಮುಂದ್ಲೆ ಖಾಲಿ. ಸೀಸನ್ ಜೋರಾಗೋ ಮುಂಚೆ ಮುಗಿಸ್ಬಿಡೋಣ ಅಂತ ಬೇಸಿಗೇಲೇ ಬೆಂಗಳೂರಿಗೆ ಹೋಗಿ ಎಫ್‌ಯುಇ ಮಾಡಿಸ್ಕೊಂಡೆ, ಅಂದ್ರೆ ಹಿಂದ್ಲೆಯಿಂದ ಒಂದೊಂದೇ ಬೇರನ್ನ ಸುಮಾರು ಒಂದು ಮಿಲಿಮೀಟರ್ ಅಗಲದ ಪಂಚ್‌ನಲ್ಲಿ ತೆಗೆದು ಮುಂದೆ ನೆಡೋದು. ಹಂಗೆ ತೆಗೆದು ನೆಡೋ ಬೇರಿಗೇ ಗ್ರಾಫ್ಟ್ ಅನ್ನೋದು, ಒಂದೊಂದರಲ್ಲಿ ಒಂದರಿಂದ ನಾಲ್ಕು ಕೂದಲಿರತ್ತೆ. ಡಾಕ್ಟರೇ ಕೂತು ಮಾಡ್ತಾರಾ ಅಂತ ಮೊದ್ಲೇ ಕೇಳ್ಕೊಂಡಿದ್ದೆ, 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ನೇ ಹೇಳಿದೆ, ಯೂಟ್ಯೂಬ್ ನೋಡಿ ಕಲಿತ್ರೆ ಇದಕ್ಕೆ ಸಾಲಲ್ಲ, ಸರಿಯಾದ ತರಬೇತಿ ಆಗಿರೋ ಡಾಕ್ಟರೇ ಬೇಕು ಅಂತ. ಆಪರೇಶನ್ ದಿನದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಮರಗಟ್ಟೋ ಇಂಜೆಕ್ಷನ್ ಚುಚ್ಚೋವಾಗ ಕಣ್ಣಲ್ಲಿ ನೀರು ಬಂತು, ಆಮೇಲೆ ಮಧ್ಯಾಹ್ನ ಊಟಾನೂ ಮಾಡ್ದೆ.

ಅಸಲಿ ಕೆಲಸ ಮನೆಗೆ ಬಂದ್ಮೇಲೆ. ನಮ್ಮನೆಗಳಲ್ಲಿ ಆರೈಕೆ ಅಂದ್ರೆ ಏನಾದ್ರೂ ಹಚ್ಚೋದು, ತಿಕ್ಕೋದು, ಕಾಯಿಸಿ ಕಟ್ಟೋದು. ಇಲ್ಲಿ ಮುಕ್ಕಾಲು ಪಾಲು ಆರೈಕೆ ಕೈ ಕಟ್ಕೊಂಡು ಕೂರೋದೇ. ಇದನ್ನ ಮನೆಯವ್ರಿಗೆ ಒಪ್ಸೋದು ಎಷ್ಟು ಕಷ್ಟ ಅಂತ ಅನುಭವಿಸಿದವ್ರಿಗೇ ಗೊತ್ತು. ಸುದ್ದಿ ತಿಳಿದ ಮಾರನೇ ದಿನವೇ ಶ್ರೀನಿವಾಸಪುರದಿಂದ ಅತ್ತೆ ಹರಳೆಣ್ಣೆ ಬಾಟ್ಲು ಹಿಡ್ಕೊಂಡು ಬಂದ್ರು, ಪಕ್ಕದ ಮನೆ ಆಂಟಿ ಈರುಳ್ಳಿ ರಸ ಅಂದ್ರು, ಮಂಡಿ ಓನರ್ ಫೋನ್ ಮಾಡಿ ಲೋಳೆಸರ ಹಾಕಪ್ಪಾ ತಂಪಾಗ್ತದೆ ಅಂದ್ರು. ಎಲ್ಲರ ಮಾತಿಗೂ ಹೂಂ ಅಂತಿದ್ದೆ, ಯಾವುದನ್ನೂ ಹಚ್ಚಲಿಲ್ಲ. ತಲೆ ಮೇಲೆ ಸಾವಿರಾರು ಸಣ್ಣ ಗಾಯ ಬಾಯಿ ತೆರ್ಕೊಂಡಿರೋವಾಗ ಈರುಳ್ಳಿ ರಸ ಹಾಕಿದ್ರೆ ಉರಿಯೋದಿರ್ಲಿ, ಸೋಂಕಾದ್ರೆ ನೆಟ್ಟಿದ್ದೆಲ್ಲಾ ಹೋಗತ್ತೆ.

ಮೊದಲ ರಾತ್ರಿಗಳು ಬೇಜಾರು. ತಲೆ ಎತ್ತರಕ್ಕಿರ್ಬೇಕು, ಸುಮಾರು 45 ಡಿಗ್ರಿ, ನೆಟ್ಟಿರೋ ಜಾಗ ದಿಂಬಿಗೆ ತಾಗಬಾರ್ದು. ಬಸ್ಸಲ್ಲಿ ಕತ್ತಿಗೆ ಹಾಕ್ಕೊಳೋ ಯು ಆಕಾರದ ದಿಂಬು ಇದ್ಯಲ್ಲ ಅದನ್ನ ಹಾಕ್ಕೊಂಡು, ಎರಡು ಕಡೆ ದಿಂಬು ಒತ್ತಿಟ್ಟು, ಹಾಲ್‌ನಲ್ಲಿ ದಿವಾನ್ ಮೇಲೆ ಕೂತಂಗೇ ಮಲಗ್ತಿದ್ದೆ, ಕರೆಂಟ್ ಹೋದ್ರೆ ಬೆವರು ಬೇರೆ. ಎಚ್ಚರ ಇರೋವಾಗೆಲ್ಲಾ ಗಂಟೆಗೊಂದ್ಸಲ ಸಲೈನ್ ಸ್ಪ್ರೇ, ಡ್ರಿಪ್ಸ್ ಹಾಕ್ತಾರಲ್ಲ ಅದೇ 0.9 ಪರ್ಸೆಂಟ್ ಉಪ್ಪಿನ ನೀರು, ಮೆಡಿಕಲ್ ಸ್ಟೋರಲ್ಲೇ ಸಿಗತ್ತೆ. ಒಂದು ಗೇಣು ದೂರದಿಂದ ಮಂಜಿನ ಥರ ಬೀಳ್ಬೇಕು, ಹತ್ರ ಹಿಡಿದು ಚಿಮ್ಮಿಸ್ಬಾರ್ದು. ಇದು ಗಾಯ ಒಣಗಿ ಬಿಗಿಯಾಗ್ದಂಗೆ ನೋಡ್ಕೊಳತ್ತೆ, ತುರಿಕೆಯೂ ಕಮ್ಮಿ.

ಮೂರನೇ ದಿನದ ಹೊತ್ತಿಗೆ ಹಣೆ ಊದ್ಕೊಳ್ತು, ಮಾರನೇ ದಿನ ಆ ಊತ ಕಣ್ಣಿಗಿಳೀತು. ಕನ್ನಡಿ ನೋಡಿದ್ರೆ ಯಾರೋ ಚೆನ್ನಾಗಿ ಬಾರಿಸಿದಂಗಿತ್ತು. ಆಪರೇಶನ್‌ನಲ್ಲಿ ತಲೆಗೆ ಚುಚ್ಚಿದ ದ್ರವ ಕೆಳಗಿಳಿಯೋದು ಅಷ್ಟೇ, ಸುಮಾರು ಒಂದು ವಾರದಲ್ಲಿ ತಾನೇ ಹೋಗತ್ತೆ ಅಂತ ಮೊದ್ಲೇ ಹೇಳಿದ್ರಿಂದ ನಾನು ಗಾಬರಿ ಆಗ್ಲಿಲ್ಲ. ಅಮ್ಮ ಆದ್ರು. ದೃಷ್ಟಿ ಆಗೈತೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ರು, ಹೊಗೆ ಮಾತ್ರ ಒಳಗೆ ಬೇಡಮ್ಮ ಅಂತ ಅಂಗಳದಲ್ಲೇ ಸುಡೋಕೆ ಹೇಳ್ದೆ. ಹುಬ್ಬಿನ ಮೇಲೆ ಬಟ್ಟೇಲಿ ಸುತ್ತಿದ ಐಸ್ ಇಟ್ಕೊಂಡೆ, ಗ್ರಾಫ್ಟ್ ಮೇಲಲ್ಲ. ಬಗ್ಗಿ ಏನೂ ಎತ್ತೋ ಹಂಗಿಲ್ಲ, ಬಗ್ಗಿದ್ರೆ ರಕ್ತ ತಲೆಗೆ ನುಗ್ಗಿ ಊತ ಜಾಸ್ತಿ ಆಗತ್ತೆ. ಮಂಡೀಲಿ 15 ಕೆಜಿ ಬಾಕ್ಸ್ ಜರುಗಿಸೋ ಅಭ್ಯಾಸ ಇರೋನಿಗೆ ಚಪ್ಪಲಿ ಹಾಕ್ಕೊಳೋಕೂ ಕೂತ್ಕೋಬೇಕಾಯ್ತು.

ತೊಳೆಯೋದನ್ನ ಮಾತ್ರ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಭಯ ಬೀಳೋದು ಇಲ್ಲೇ. ಮೊದಲ ವಾಶ್ ಕ್ಲಿನಿಕ್‌ನಲ್ಲೇ ಮಾಡಿ ತೋರ್ಸಿದ್ರು, ಆಮೇಲೆ ದಿನಾ ಮನೇಲಿ. ಶವರ್ ಮುಟ್ಟಲೇ ಇಲ್ಲ. ಬೇಬಿ ಶಾಂಪೂ ಒಂದು ಚಮಚ ಮಗ್‌ನಲ್ಲಿ ಹಾಕಿ ಚೆನ್ನಾಗಿ ಕಲಸಿ ನೊರೆ ಎಬ್ಬಿಸೋದು (ಕ್ಯಾನ್ ನೀರಾದ್ರೆ ಎಷ್ಟು ನೊರೆ ಬರತ್ತೆ ಅಂತ ಅವತ್ತು ಗೊತ್ತಾಯ್ತು), ಆ ನೊರೆಯನ್ನಷ್ಟೇ ಅಂಗೈಲಿ ಎತ್ತಿ ನೆಟ್ಟ ಜಾಗದ ಮೇಲೆ ಇಡೋದು. ಉಜ್ಜೋದಲ್ಲ, ಇಡೋದು. ಐದು ನಿಮಿಷ ಬಿಟ್ಟು, ಉಗುರು ಬೆಚ್ಚಗಿನ ನೀರನ್ನ ಸಣ್ಣ ಲೋಟದಲ್ಲಿ ತಲೆಗೆ ತೀರ ಹತ್ರದಿಂದ ಹರಿಬಿಡೋದು, ಎತ್ತರದಿಂದ ಸುರಿದ್ರೆ ಏಟು ಬೀಳತ್ತೆ. ನೀರು ಹಾಕೋ ಕೆಲಸ ಅಮ್ಮಂದು. ಹಿಂದ್ಲೆ ಅಂದ್ರೆ ಕೂದಲು ತೆಗೆದ ಜಾಗವನ್ನ ಬೆರಳ ತುದೀಲಿ ಮೆತ್ತಗೆ ತೊಳೀಬಹುದು. ಒರೆಸೋದು ಹಿಂದೆ ಮಾತ್ರ, ಮುಂದೆ ಗಾಳಿಗೇ ಒಣಗ್ಬೇಕು, ಹೇರ್ ಡ್ರೈಯರ್ ಬೇಡ.

ಗ್ರಾಫ್ಟ್ ಯಾವಾಗ ಗಟ್ಟಿ ಆಗತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಅಮೆರಿಕದ ಬರ್ನ್‌ಸ್ಟೀನ್, ರಾಸ್‌ಮನ್ ಅನ್ನೋ ಡಾಕ್ಟರ್‌ಗಳು ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಬರೆದಿದ್ದಾರೆ, ಮೊದಲೆರಡು ದಿನ ಕೂದಲು ಎಳೆದ್ರೆ ಗ್ರಾಫ್ಟೇ ಕಿತ್ಕೊಂಡು ಬರತ್ತೆ, ಹಕ್ಕಳೆ ಕಿತ್ರೆ ಐದು ದಿನದವರೆಗೂ ಅದೇ ಕಥೆ, ಒಂಬತ್ತು ದಿನ ದಾಟಿದ್ರೆ ಆ ಭಯ ಇಲ್ಲ. ಹಂಗಾಗಿ ಹತ್ತನೇ ದಿನ ದಾಟಿದ ಮೇಲೆ ನೊರೆ ಹತ್ತು ನಿಮಿಷ ನೆನೆಯೋಕೆ ಬಿಟ್ಟು, ಉಗುರು ತಾಗದಂಗೆ ಬೆರಳ ಮೆತ್ತನೆ ಭಾಗದಲ್ಲಿ ಸುತ್ತ ಸುತ್ತ ಆಡಿಸ್ದೆ, ಹಕ್ಕಳೆ ಉದುರೋಕೆ ಶುರುವಾಯ್ತು. ಜೊತೆಗೆ ಸಣ್ಣ ಕೂದಲೂ ಬರತ್ತೆ, ರಕ್ತ ಬರದಿದ್ರೆ ಬೇರು ಒಳಗೇ ಇದೆ ಅಂತ ಅರ್ಥ.

ನಮ್ಮದು ಅಜ್ಜನ ಕಾಲದ ಮನೆ, ಅಡುಗೆಮನೆ ಬಾಗಿಲು ಗಿಡ್ಡ. ತಲೆ ವಾರಗಟ್ಟಲೆ ಮರಗಟ್ಟಿರತ್ತೆ, ಸೊಳ್ಳೆ ಕೂತ್ರೂ ಗೊತ್ತಾಗಲ್ಲ, ಇನ್ನು ತೊಲೆ ತಾಗೋ ತನಕ ಅಂದಾಜೂ ಸಿಗಲ್ಲ. ಅದಕ್ಕೆ ಮೇಲಿನ ಪಟ್ಟಿಗೆ ಹಳೇ ಕೆಂಪು ರವಿಕೆ ಬಟ್ಟೆ ಇಳಿಬಿಟ್ವಿ, ಮೂಗಿಗೆ ಬಟ್ಟೆ ತಾಗಿದ ತಕ್ಷಣ ಬಗ್ಗೋದು. ಕಾರಿನ ಡೋರೂ ಇದೇ ಥರ ಮೋಸ. ತಲೆ ಮೇಲಿಂದ ಎಳೆದು ಹಾಕೋ ಟೀಶರ್ಟ್ ಎಲ್ಲಾ ಬೀರು ಸೇರಿದ್ವು, ಬರೀ ಗುಂಡಿ ಶರ್ಟ್.

ಹೊರಗೆ ಹೋದ್ರೆ ಆಪರೇಶನ್‌ಗೆ ಅಂತ ಬೋಳಿಸಿದ್ದ ತಲೆ ನೋಡಿ ಎಲ್ಲರದ್ದೂ ಒಂದೇ ಪ್ರಶ್ನೆ, ತಿರುಪತಿಗೆ ಯಾವಾಗ ಹೋಗಿದ್ಯೋ, ಲಡ್ಡು ಎಲ್ಲೋ? ಹಮಾಲಿ ಅಣ್ಣನೊಬ್ಬ ಹತ್ರ ಬಂದು ನೋಡಿ, ಇದೇನ್ ಸ್ವಾಮಿ ಮುಡಿ ತೆಗ್ಯೋವಾಗ ಇಷ್ಟೊಂದು ಗಾಯ ಮಾಡೌನೆ ಅಂದ. ಬಿಸಿಲಿಗೆ ಛತ್ರಿ ಹಿಡಿದೆ, ನಗೋರು ನಕ್ರು. ಬಿಸಿಲು ಹೊಸ ಚರ್ಮಕ್ಕೆ ಒಳ್ಳೇದಲ್ಲ, ಒಂದೆರಡು ತಿಂಗಳಾದ್ರೂ ನೇರ ಬಿಸಿಲು ತಪ್ಪಿಸ್ಬೇಕು. ಹೆಲ್ಮೆಟ್ ಹಾಕೋ ಹಂಗಿಲ್ಲ, ಹಾಕದೇ ಗಾಡಿ ಓಡಿಸೋ ಹಂಗೂ ಇಲ್ಲ, ಹಂಗಾಗಿ ಡಾಕ್ಟರ್ ಸರಿ ಅನ್ನೋವರೆಗೂ ಆಟೋನೇ ಗತಿ, ಖರ್ಚು ನೋಡಿದ್ರೆ ಹೊಟ್ಟೆ ಉರಿಯತ್ತೆ. ಸಿಗರೇಟು ನಂಗಿಲ್ಲ, ಇದ್ದವ್ರು ಬಿಡ್ಲೇಬೇಕು, ನಿಕೋಟಿನ್ ರಕ್ತನಾಳ ಕುಗ್ಗಿಸತ್ತೆ, ಹೊಸ ಬೇರಿಗೆ ರಕ್ತ ಸಾಲಲ್ಲ.

ತಿಂಗಳಾಗೋಷ್ಟ್ರಲ್ಲಿ ನೆಟ್ಟಿದ್ದ ಕೂದಲೆಲ್ಲಾ ಉದುರೋಕೆ ಹತ್ತಿತು. ಇದು ಆಗೇ ಆಗತ್ತೆ, ಬೇರು ಒಳಗೆ ವಿಶ್ರಾಂತಿಗೆ ಹೋಗಿರತ್ತೆ, ಮೂರ್ನಾಕು ತಿಂಗಳಿಗೆ ಹೊಸದು ಹೊರಡತ್ತೆ, ಪೂರ್ತಿ ಫಲಿತಾಂಶಕ್ಕೆ ಒಂದು ವರ್ಷ. ಗೊತ್ತಿದ್ರೂ ಟವೆಲ್ ಮೇಲೆ ಕೂದಲು ನೋಡಿದಾಗ ದುಡ್ಡು ಕಣ್ಮುಂದೆ ಬಂತು. ಅಮ್ಮ ಮಾತ್ರ, ಟೊಮೇಟೊ ಸಸಿ ನಾಟಿ ಹಾಕ್ದಾಗ ಮೊದ್ಲು ಬಾಡ್ತದೆ ಕಣೋ, ಆಮೇಲೆ ಚಿಗುರ್ತದೆ, ದಿನಾ ಅದ್ರಲ್ಲೇ ಇರೋನಿಗೆ ನಾನು ಹೇಳ್ಬೇಕಾ ಅಂದ್ರು.

ಹೊಸ ಕೂದಲು ಚರ್ಮ ಸೀಳ್ಕೊಂಡು ಬರೋವಾಗ ಮೊಡವೆ ಥರ ಗುಳ್ಳೆ ಏಳತ್ತೆ. ಹಿಸುಕ್ಬಾರ್ದು, ಬಿಸಿ ನೀರಲ್ಲಿ ಅದ್ದಿದ ಶುದ್ಧ ಬಟ್ಟೆ ಒತ್ತಿದ್ರೆ ಹೆಚ್ಚಿನವು ಇಳಿಯತ್ತೆ. ಗುಳ್ಳೆ ಹರಡ್ತಾ ಹೋದ್ರೆ, ಕೀವು ಸೋರಿದ್ರೆ, ಜ್ವರ ಬಂದ್ರೆ, ಚರ್ಮ ಕಪ್ಪಗಾದ್ರೆ ಮನೆ ಮದ್ದು ನೋಡ್ದೇ ಸೀದಾ ಡಾಕ್ಟರ್ ಹತ್ರ. ಅತ್ತೆ ತಂದ ಹರಳೆಣ್ಣೆ ಬಾಟ್ಲು ಈಗಲೂ ಹಂಗೇ ಇದೆ, ಎಣ್ಣೆ ಬೇಕಾದ್ರೆ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಡಾಕ್ಟರ್ ಒಪ್ಪಿದ್ದು ಗಾಯ ಪೂರ್ತಿ ಮಾಗಿದ ಮೇಲೇ.

ಈಗ ಮಾಲೂರಿನ ಚಿಕ್ಕಪ್ಪನ ಮಗ ತಾನೂ ಮಾಡಿಸ್ಕೋತೀನಿ ಅಂತ ದಿನಾ ಫೋನ್ ಮಾಡ್ತಾನೆ. ಸ್ಪ್ರೇ ಬಾಟ್ಲು, ಕತ್ತಿನ ದಿಂಬು, ಗುಂಡಿ ಶರ್ಟು ಮೊದ್ಲೇ ತಂದಿಟ್ಕೋ, ಡೇಟು ಧನುರ್ಮಾಸದಲ್ಲಿ ತಗೋ ಅಂದಿದ್ದೀನಿ. ಮದುವೆ ಇರಲ್ಲ, ಬೆವರಿರಲ್ಲ, ಮಂಕಿ ಕ್ಯಾಪ್ ಮಾತ್ರ ಹಾಕ್ಬೇಡ. ಅದನ್ನ ಬಿಟ್ಟು ಚಳೀಲಿ ಹೆಂಗಪ್ಪಾ ಇರೋದು ಅಂತ ಇನ್ನೂ ಯೋಚ್ನೆ ಮಾಡ್ತಾ ಇದ್ದಾನೆ.