ವಿಜಯಪುರದಲ್ಲಿ ಶನಿವಾರ, ಭಾನುವಾರ: ನಾನು ಸುತ್ತುವ ಕ್ರಮ

ಊರು ನೋಡಲು ಬರುವವರಿಗೆ ನಾನು ಮೊದಲು ಕೇಳುವುದು, ಗೋಳಗುಮ್ಮಟಕ್ಕೆ ಎಷ್ಟು ಹೊತ್ತಿಗೆ ಹೋಗ್ತೀರಿ ಅಂತ. ಶಾಲಾ ಪ್ರವಾಸದ ಬಸ್ಸುಗಳು ಬಂದವೆಂದರೆ ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗು, ಸೀಟಿ, ಚಪ್ಪಾಳೆ ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಅದಕ್ಕೇ ಶನಿವಾರ ಬೆಳಗ್ಗೆ ಬಾಗಿಲು ತೆಗೆಯುತ್ತಲೇ ಒಳಗಿರಬೇಕು.

ಮೂಲೆಯ ಮಿನಾರಿನ ಮೆಟ್ಟಿಲು ಕಡಿದು, ಇಕ್ಕಟ್ಟು, ಏಳು ಅಂತಸ್ತು. ಮೊಣಕಾಲು ನೋವಿದ್ದವರು ಹತ್ತುವುದು ಬೇಡ, ಕೆಳಗೆ ನಿಂತು ತಲೆ ಎತ್ತಿದರೂ ಸಾಕು: ಒಂದನ್ನೊಂದು ಹಾಯುವ ಕಮಾನುಗಳು ಚೌಕದ ಅಂಗಳವನ್ನು ಮೇಲೇರುತ್ತ ದುಂಡಗೆ ತಿರುಗಿಸುತ್ತವೆ, ನಡುವೆ ಒಂದೂ ಕಂಬವಿಲ್ಲ. ಹತ್ತಿದವರು ಇಬ್ಬರು ಗ್ಯಾಲರಿಯಲ್ಲಿ ಎದುರಾಬದುರಾ ನಿಲ್ಲಿರಿ. ನಡುವಿನ ಅಂತರ ಸುಮಾರು 38 ಮೀಟರ್. ಎದುರಿನವರತ್ತ ಮುಖ ಮಾಡದೆ, ಬಾಯಿ ಗೋಡೆಗೆ ಹತ್ತಿರ ತಂದು ಗೋಡೆಗುಂಟ ಮೆಲ್ಲಗೆ ಮಾತಾಡಿ. ಕೇಳುವವರ ಕಿವಿಯೂ ಗೋಡೆಗೇ ಇರಲಿ. ಬಾಗಿದ ಗೋಡೆ ಹಿಡಿದು ದನಿ ಹರಿದು ಬರುತ್ತದೆ. ಕೂಗಿದರೆ ಪ್ರತಿಧ್ವನಿ ಸಿಕ್ಕೀತು, ಮಾತು ಸಿಗುವುದಿಲ್ಲ.

ಇಳಿದ ಮೇಲೆ ಸೂಸಲಾ, ಬಿಸಿ ಮಿರ್ಚಿ, ಚಹಾ. ಚುರುಮುರಿ ಹೆಚ್ಚು ನೆನೆದರೆ ಸೂಸಲಾ ಮುದ್ದೆಯಾಗುತ್ತದೆ. ಆಗಷ್ಟೇ ಹಿಂಡಿ ಒಗ್ಗರಣೆಗೆ ಹಾಕುವ ಕಡೆಯೇ ತಿನ್ನಿ.

ಮಧ್ಯಾಹ್ನಕ್ಕೆ ಖಾನಾವಳಿ. ರೊಟ್ಟಿ ಬಡಿಯುವ ಸದ್ದು ಹೊರಗೇ ಕೇಳುವಂಥದ್ದನ್ನು ನಾನು ಆರಿಸುತ್ತೇನೆ. ಜೋಳದ ರೊಟ್ಟಿ ತವೆಯಿಂದ ತಾಟಿಗೆ ಬಂದಾಗಲೇ ಮೆತ್ತಗೆ, ಆರಿತೆಂದರೆ ಬಿರುಸಾಗುತ್ತದೆ, ಒಂದೊಂದೇ ಹಾಕಿಸಿಕೊಳ್ಳಿ. ಎಣ್ಣೆಗಾಯಿ, ಜುಣಕ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿ ಎಲ್ಲ ಇರಲಿ, ಆದರೆ ಅಡುಗೆಯವರ ಕೈ ತಿಳಿಯುವುದು ಶೇಂಗಾ ಚಟ್ನಿಯಲ್ಲಿ. ಕುಟ್ಟಿದ ಚಟ್ನಿ ಎಣ್ಣೆ ಬಿಟ್ಟು ಬೆರಳಿಗೆ ಅಂಟುತ್ತದೆ. ಮಿಕ್ಸಿಯ ಪುಡಿ ಉದುರುತ್ತದೆ. ಚಟ್ನಿಯ ಮೇಲೆ ಕೆನೆಮೊಸರು ಹಾಕಿ ಕಲಸಿ. ಅನ್ನಕ್ಕೆ ಆಮೇಲೆ ಜಾಗ ಉಳಿದರೆ ನೋಡೋಣ.

ಬಿಸಿಲು ಇಳಿಯುವವರೆಗೆ ಮಲಗಿ. ನಾಲ್ಕಕ್ಕೆ ಊರ ಪಶ್ಚಿಮಕ್ಕೆ, ಸುಲ್ತಾನ ಇಬ್ರಾಹಿಂ ಆದಿಲ್‌ಶಾಹನ ಗೋರಿಯಾದ ಇಬ್ರಾಹಿಂ ರೋಜಾಕ್ಕೆ. ಗೋಳಗುಮ್ಮಟ ಗಾತ್ರದಿಂದ ಗೆಲ್ಲುತ್ತದೆ, ಇದು ಕುಸುರಿಯಿಂದ. ಒಂದೇ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಓರೆ ಬಿಸಿಲು ಬಿದ್ದಾಗ ಗೋಡೆಯ ಕೆತ್ತನೆ ನೆರಳು ಹಿಡಿದು ಎದ್ದು ಕಾಣುತ್ತದೆ. ಕಿಟಕಿಯ ಜಾಲರಿ ಹತ್ತಿರದಿಂದ ನೋಡಿ, ಕಲ್ಲಿನಲ್ಲಿ ಕೊರೆದಿರುವುದು ಅಕ್ಷರಗಳು. ಅಲ್ಲಿಂದ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು. ಕೊನೆಗೆ, ಹೊರಮೈ ಸುತ್ತಿ ಮೆಟ್ಟಿಲೇರುವ ಉಪ್ಪಲಿ ಬುರುಜು. ಸುಮಾರು 80 ಅಡಿ ಎತ್ತರ. ಕತ್ತಲಾಗುವ ಮೊದಲೇ ಇಳಿದುಬಿಡಿ.

ಭಾನುವಾರ ಅವಸರವಿಲ್ಲ. ಗಗನ ಮಹಲು, ಬಾರಾ ಕಮಾನು, ಜಾಮಿಯಾ ಮಸೀದಿ ನಡೆದೇ ಮುಗಿಯುತ್ತವೆ. ಆಮೇಲೆ ಆಟೋದಲ್ಲಿ ತೊರವಿಯ ನರಸಿಂಹನ ಗುಡಿ. ಚಳಿಗಾಲದಲ್ಲಿ ಹೊಲವಿದ್ದವರ ಪರಿಚಯವಿದ್ದರೆ ಇದನ್ನೆಲ್ಲ ಬಿಟ್ಟು ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನಲು ಹೋಗಿ.

ಹೊರಡುವಾಗ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಿ. ರೊಟ್ಟಿ ಪೂರ್ತಿ ಆರಿದೆಯೇ ಎಂದು ಮುಟ್ಟಿ ನೋಡಿ. ಬಿಸಿ ಉಳಿದಿದ್ದರೆ ಪ್ಲಾಸ್ಟಿಕ್ಕಿನೊಳಗೆ ಬೆವರಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ.