ಸೆಪ್ಟೆಂಬರ್ ಆತಂಕವನ್ನು ನಾನು ಲೆಕ್ಕಕ್ಕೆ ಹಚ್ಚಿದ್ದು ಹೀಗೆ

ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳಿಗೆ ಸೆಪ್ಟೆಂಬರ್ ಅಂದರೆ ನಿದ್ದೆಗೆಡುವ ತಿಂಗಳು. 2001ರಲ್ಲಿ ಈ ತಂಡ 162 ಪಂದ್ಯಗಳಲ್ಲಿ 116 ಗೆದ್ದಿತ್ತು. ಆಮೇಲೆ 2022ರವರೆಗೆ ಒಂದು ಸಲವೂ ಪ್ಲೇಆಫ್ ತಲುಪಲಿಲ್ಲ. ಚಾಂಪಿಯನ್ ಯಾರೆಂದು ತೀರ್ಮಾನ ಆಗುವ ವರ್ಲ್ಡ್ ಸೀರೀಸ್ ಇದೆಯಲ್ಲ, ಅದನ್ನು ಒಮ್ಮೆಯೂ ಆಡದ ತಂಡ 2025ರ ಸೀಸನ್ ಮುಗಿದಾಗಲೂ ಇದೊಂದೇ.

ನಾನು ಪಕ್ಕದ ಬೆಲ್‌ವ್ಯೂನಲ್ಲಿ ಇದ್ದೇನೆ. ಆರ್‌ಸಿಬಿ ನೋಡುತ್ತಾ ಬೆಳೆದವನಿಗೆ ಕಾಯುವುದು ಹೊಸದಲ್ಲ. ಆದರೆ ಐಪಿಎಲ್‌ನಲ್ಲಿ ಲೀಗ್ ಹಂತದಲ್ಲಿ ತಂಡಕ್ಕೆ 14 ಪಂದ್ಯ. ಇಲ್ಲಿ ಹೆಚ್ಚುಕಡಿಮೆ ದಿನಾ ಪಂದ್ಯ. ಸೋತ ರಾತ್ರಿಯ ಬೇಸರ ಇಳಿಯುವ ಮೊದಲೇ ಮುಂದಿನದು ಶುರುವಾಗಿರುತ್ತದೆ. ಹಾಗಾಗಿ ಚಿಂತೆ ಬಿಡಬೇಕು ಅನ್ನುವ ಆಸೆಯನ್ನೇ ಬಿಟ್ಟೆ. ಅದಕ್ಕೊಂದು ಕೆಲಸ ಕೊಟ್ಟೆ. ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಹತ್ತು ನಿಮಿಷದ ಲೆಕ್ಕ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗನಿಗೂ ಈ ಹುಚ್ಚು ಹತ್ತಿದೆ. ಅವನು ಮೊದಲು ಕೇಳಿದ್ದು, "ಮಾವ, ಇಲ್ಲೂ ನೆಟ್ ರನ್ ರೇಟ್ ಇರತ್ತಾ?" ಅಂತ. ಅವನು ಕೇಳಿದ್ದು ಸಹಜವೇ. 2024ರ ಮೇ 18ರಂದು ಚೆನ್ನೈ ವಿರುದ್ಧ ಗೆದ್ದರಷ್ಟೇ ಸಾಲದು, ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕು ಅಂತ ಚಿನ್ನಸ್ವಾಮಿಯಲ್ಲಿ ಇಡೀ ಸ್ಟೇಡಿಯಂ ಲೆಕ್ಕ ಹಾಕುತ್ತಿತ್ತು. ಆರ್‌ಸಿಬಿ 27 ರನ್‌ಗಳಿಂದ ಗೆದ್ದು ಪ್ಲೇಆಫ್‌ಗೆ ಹೋಯಿತು.

ಬೇಸ್‌ಬಾಲ್‌ನಲ್ಲಿ ನೆಟ್ ರನ್ ರೇಟ್ ಇಲ್ಲ. ಒಟ್ಟು 30 ತಂಡ, ಎರಡು ಲೀಗ್, ಒಂದೊಂದು ಲೀಗ್‌ನಲ್ಲಿ ಮೂರು ಡಿವಿಷನ್. ಡಿವಿಷನ್ ಗೆದ್ದ ಮೂರು ತಂಡಗಳು ನೇರವಾಗಿ ಪ್ಲೇಆಫ್‌ಗೆ ಹೋಗುತ್ತವೆ. ಉಳಿದವುಗಳಲ್ಲಿ ಹೆಚ್ಚು ಗೆದ್ದ ಮೂರಕ್ಕೆ ವೈಲ್ಡ್ ಕಾರ್ಡ್. ಈ ಮೂರನೇ ವೈಲ್ಡ್ ಕಾರ್ಡ್ ಬಂದದ್ದು 2022ರಲ್ಲಿ. ಅದೇ ವರ್ಷ ಇನ್ನೊಂದು ಬದಲಾವಣೆಯೂ ಆಯಿತು. ಎರಡು ತಂಡ ಸಮ ಆದರೆ ಹಿಂದೆ 163ನೇ ಪಂದ್ಯ ಆಡಿಸುತ್ತಿದ್ದರು, ಈಗ ಅದು ಇಲ್ಲ. ಆ ಎರಡು ತಂಡಗಳ ನಡುವಿನ ಪಂದ್ಯಗಳಲ್ಲಿ ಯಾರು ಜಾಸ್ತಿ ಗೆದ್ದಿದ್ದಾರೋ ಅವರು ಮುಂದೆ. ಹಾಗಾಗಿ ಏಪ್ರಿಲ್‌ನಲ್ಲಿ ಯಾರೂ ಗಮನಿಸದೆ ಸೋತ ಒಂದು ಪಂದ್ಯ ಸೆಪ್ಟೆಂಬರ್‌ನಲ್ಲಿ ಬಂದು ಬಾಗಿಲು ತಟ್ಟಬಹುದು.

ನೋಟ್‌ಬುಕ್‌ನ ಮೊದಲ ಸಾಲು ಮ್ಯಾಜಿಕ್ ನಂಬರ್. ಅದು ಸೊನ್ನೆಗೆ ಇಳಿದರೆ ಹಿಂದಿನ ತಂಡ ಇನ್ನು ನಮ್ಮನ್ನು ಹಿಡಿಯಲಾರದು ಅಂತ ಅರ್ಥ. ಲೆಕ್ಕ ಸುಲಭ. 163ರಿಂದ ನಮ್ಮ ಗೆಲುವುಗಳನ್ನು ಕಳೆಯಿರಿ. ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವ ತಂಡದ ಸೋಲುಗಳನ್ನೂ ಕಳೆಯಿರಿ. ಉಳಿದದ್ದೇ ಮ್ಯಾಜಿಕ್ ನಂಬರ್. ನಾವು ಗೆದ್ದರೂ ಅದು ಒಂದು ಇಳಿಯುತ್ತದೆ, ಅವರು ಸೋತರೂ ಒಂದು ಇಳಿಯುತ್ತದೆ.

2025ರ ಸೆಪ್ಟೆಂಬರ್ 19ರ ಬೆಳಿಗ್ಗೆ ಮ್ಯಾರಿನರ್ಸ್ ಮತ್ತು ಅದೇ ಡಿವಿಷನ್ನಿನ ಹ್ಯೂಸ್ಟನ್ ಆಸ್ಟ್ರೋಸ್ ಎರಡೂ ತಂಡಗಳದ್ದು 84 ಗೆಲುವು, 69 ಸೋಲು. ಆಡಬೇಕಾಗಿದ್ದದ್ದು ಹ್ಯೂಸ್ಟನ್‌ನಲ್ಲಿ, ಅವರ ಮನೆಯಂಗಳದಲ್ಲಿ, ಮೂರು ಪಂದ್ಯ. ಇಲ್ಲಿನ ಗೆಳೆಯರೆಲ್ಲ ಕೈಚೆಲ್ಲಿ ಕೂತಿದ್ದರು. ಎಷ್ಟೋ ವರ್ಷಗಳಿಂದ ಈ ಡಿವಿಷನ್ ಅಂದರೆ ಹ್ಯೂಸ್ಟನ್ ಅನ್ನುವಂತೆ ಆಗಿತ್ತಲ್ಲ. ನಾನು ಅವತ್ತು ಬರೆದುಕೊಂಡದ್ದು ಒಂದೇ ಮಾತು: ಮೂರರಲ್ಲಿ ಎರಡು ಗೆದ್ದರೆ ಸಾಕು, ಮಿಕ್ಕ ದಿನಗಳ ಭಾರ ಅವರ ತಲೆಗೆ. ಮ್ಯಾರಿನರ್ಸ್ ಮೂರನ್ನೂ ಗೆದ್ದರು. 163ರಲ್ಲಿ ನಮ್ಮ 87 ಗೆಲುವು, ಅವರ 72 ಸೋಲು ಕಳೆದರೆ 4 ಉಳಿಯಿತು. ಆದರೆ ಆ ಮೂರು ಗೆಲುವಿನಿಂದ ಎರಡು ತಂಡಗಳ ನಡುವಿನ ಲೆಕ್ಕವೂ ನಮ್ಮ ಕಡೆಗೇ ವಾಲಿತು. ಸಮ ಆದರೂ ನಾವೇ ಮುಂದೆ. ಅಲ್ಲಿಗೆ 4 ಅನ್ನುವುದು ನಿಜಕ್ಕೂ 3. ಸೆಪ್ಟೆಂಬರ್ 24ರ ರಾತ್ರಿ ಕೊಲೊರಾಡೊ ರಾಕೀಸ್ ವಿರುದ್ಧ ಗೆದ್ದು ಮ್ಯಾರಿನರ್ಸ್ ಡಿವಿಷನ್ ತಮ್ಮದಾಗಿಸಿಕೊಂಡರು. 2001ರ ನಂತರ ಅದೇ ಮೊದಲು. ಕ್ಯಾಚರ್ (ವಿಕೆಟ್‌ಕೀಪರ್ ಇದ್ದ ಹಾಗೆ) ಕ್ಯಾಲ್ ರಾಲಿ ಸೀಸನ್ನಿನ 60ನೇ ಹೋಮ್ ರನ್ (ಸಿಕ್ಸರ್ ತರಹದ ಹೊಡೆತ) ಹೊಡೆದದ್ದೂ ಅವತ್ತೇ. ಆ ಪುಟವನ್ನು ನಾನು ಇನ್ನೂ ಆಗಾಗ ತೆಗೆದು ನೋಡುತ್ತೇನೆ.

ಎರಡನೇ ಸಾಲು ರನ್ ವ್ಯತ್ಯಾಸ. ತಂಡ ಗಳಿಸಿದ ಒಟ್ಟು ರನ್‌ಗಳಿಂದ ಬಿಟ್ಟುಕೊಟ್ಟ ರನ್‌ಗಳನ್ನು ಕಳೆದರೆ ತಂಡದ ನಿಜವಾದ ಶಕ್ತಿ ಸ್ವಲ್ಪ ಕಾಣುತ್ತದೆ. 2021ರಲ್ಲಿ ಮ್ಯಾರಿನರ್ಸ್ 90 ಪಂದ್ಯ ಗೆದ್ದರು. ಗಳಿಸಿದ್ದು 697 ರನ್, ಕೊಟ್ಟದ್ದು 748. ಅಂದರೆ 51 ರನ್ ಕಡಿಮೆ! ಬಿಲ್ ಜೇಮ್ಸ್ ಎನ್ನುವ ಬೇಸ್‌ಬಾಲ್ ಅಂಕಿಅಂಶ ತಜ್ಞರು ಮಾಡಿಕೊಟ್ಟ ಒಂದು ಸೂತ್ರ ಇದೆ. ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಬಂದದ್ದನ್ನು 162ರಿಂದ ಗುಣಿಸಿದರೆ ತಂಡ ಸುಮಾರು ಎಷ್ಟು ಗೆಲ್ಲಬೇಕಿತ್ತು ಅಂತ ಸಿಗುತ್ತದೆ. 2021ಕ್ಕೆ ಸಿಗುವುದು ಸುಮಾರು 75. ಮಿಕ್ಕ ಗೆಲುವುಗಳಲ್ಲಿ ಒಂದಷ್ಟು ಬಂದದ್ದು ಒಂದೇ ರನ್ನಿನ ಅಂತರದ ಪಂದ್ಯಗಳಿಂದ. ಅಂಥವುಗಳಲ್ಲಿ ಅವರು 33 ಗೆದ್ದು 19 ಸೋತಿದ್ದರು. ಕೊನೆಯ ದಿನದವರೆಗೂ ಆಸೆ ಉಳಿಸಿ, ಆಮೇಲೆ ಹೊರಬಿದ್ದರು. 2022ರಲ್ಲೂ ಗೆದ್ದದ್ದು 90. ಆದರೆ ಈ ಸಲ 690 ರನ್ ಗಳಿಸಿ 623 ಕೊಟ್ಟಿದ್ದರು. ಸೂತ್ರ ಹೇಳುವುದು ಸುಮಾರು 89. ಅಂಕಪಟ್ಟಿಯಲ್ಲಿ ಎರಡೂ ವರ್ಷ ಒಂದೇ ತರಹ ಕಾಣುತ್ತವೆ. ನನ್ನ ಮಟ್ಟಿಗೆ ಅವು ಬೇರೆ ಬೇರೆ ತಂಡಗಳು.

2022ರ ಸೆಪ್ಟೆಂಬರ್ ಕೊನೆಯಲ್ಲಿ ಈ ಎರಡನೇ ಸಾಲೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ನಮ್ಮ ಬ್ಯಾಟರ್ ಹೂಲಿಯೋ ರೋಡ್ರಿಗಸ್‌ಗೆ ಬೆನ್ನು ನೋವು. ಇನ್ನೊಬ್ಬ ಬ್ಯಾಟರ್ ಯೂಹೇನಿಯೋ ಸುವಾರೆಸ್‌ಗೆ ಬೆರಳಿಗೆ ಪೆಟ್ಟು. ಕಡಿಮೆ ಬಲದ ತಂಡಗಳ ಎದುರು ಒಂದರ ಮೇಲೊಂದು ಸೋಲು. ಸೆಪ್ಟೆಂಬರ್ 25ರಂದು ಕನ್ಸಾಸ್ ಸಿಟಿಯಲ್ಲಿ 11-2 ಮುಂದಿದ್ದವರು 13-12ರಿಂದ ಸೋತರು. ಒಂದೇ ಇನಿಂಗ್ಸ್‌ನಲ್ಲಿ 11 ರನ್ ಬಿಟ್ಟುಕೊಟ್ಟರು. ಅವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು, "ಮುಗೀತು, ಈ ವರ್ಷವೂ ಇಲ್ಲ." ಹಾಗೆ ಅನ್ನಿಸಿದ್ದು ತಪ್ಪಲ್ಲ. ಎರಡು ದಶಕ ಕಾದವರ ಎದೆ ಅದು.

ನಾನು ನೋಟ್‌ಬುಕ್ ತೆಗೆದೆ. ವೈಲ್ಡ್ ಕಾರ್ಡ್‌ಗಾಗಿ ಹಿಂದೆ ಬರುತ್ತಿದ್ದದ್ದು ಬಾಲ್ಟಿಮೋರ್. ಅವರಿಗೆ ಉಳಿದಿದ್ದ ಪಂದ್ಯಗಳು ಕೆಲವೇ. ನಾವು ಒಂದು ಸೋತರೆ ಅವರಿಗೆ ಸಿಗುವುದು ಒಂದೇ ಹೆಜ್ಜೆ, 12 ರನ್ ಬಂದರೂ ಸೋತೆವು ಅಂತ ಎರಡು ಹೆಜ್ಜೆ ಸಿಗುವುದಿಲ್ಲ. ಮನಸ್ಸಿಗೆ ಆದ ಗಾಯ ಎಷ್ಟೇ ದೊಡ್ಡದಿರಲಿ, ಪಟ್ಟಿಯಲ್ಲಿ ಅದು ಒಂದು ಸೋಲು ಅಷ್ಟೇ. ಇನ್ನೊಂದು ಅನುಕೂಲ ನಮ್ಮ ಗಡಿಯಾರದ್ದು. ಬಾಲ್ಟಿಮೋರ್ ಇಲ್ಲಿಗಿಂತ ಮೂರು ಗಂಟೆ ಮುಂದಿದೆ. ಅವರದು ಮನೆಯ ಪಂದ್ಯವಾಗಿದ್ದರೆ ನಮ್ಮದು ಶುರುವಾಗುವ ಹೊತ್ತಿಗೆ ಅವರದು ಮುಗಿಯಲು ಬಂದಿರುತ್ತದೆ. ಮೊದಲು ಅವರ ಫಲಿತಾಂಶ ಬರೆದು, ಆಮೇಲೆ ರೇಡಿಯೋ ಹಾಕುತ್ತೇನೆ. ಪಂದ್ಯದ ನಡುವೆ ಬೇರೆ ಸ್ಕೋರ್ ನೋಡುವುದಿಲ್ಲ. ಆಟವನ್ನು ಆಟವಾಗಿ ನೋಡಲು ನನಗೆ ಸಿಕ್ಕ ದಾರಿ ಇದೇ.

ಸೆಪ್ಟೆಂಬರ್ 30ರಂದು ಓಕ್ಲೆಂಡ್ ವಿರುದ್ಧ 1-1. ಒಂಬತ್ತನೇ ಇನಿಂಗ್ಸ್ (ಸಮ ಆಗದಿದ್ದರೆ ಅದೇ ಕೊನೆಯದು), ಇಬ್ಬರು ಔಟ್, ಮೂರು ಬಾಲ್, ಎರಡು ಸ್ಟ್ರೈಕ್, ಅಂದರೆ ಇನ್ನೊಂದು ಸ್ಟ್ರೈಕ್ ಆದರೆ ಔಟ್. ಬೇರೊಬ್ಬನ ಬದಲಿಗೆ ಬ್ಯಾಟ್ ಹಿಡಿದು ಬಂದ ಕ್ಯಾಲ್ ರಾಲಿ ಹೋಮ್ ರನ್ ಹೊಡೆದ. 21 ವರ್ಷದ ಕಾಯುವಿಕೆ ಅಲ್ಲಿಗೆ ಮುಗಿಯಿತು. ನಮ್ಮ ಬೀದಿಯಲ್ಲಿ ಅವತ್ತು ಪಟಾಕಿ ಸದ್ದು ಕೇಳಿದೆ.

ಮೂರನೇ ಸಾಲು ಪಿಚರ್‌ಗಳದ್ದು, ಅಂದರೆ ಬೌಲರ್‌ಗಳ ಹಾಗೆ ಚೆಂಡು ಎಸೆಯುವವರದ್ದು. ಇದು ಪ್ಲೇಆಫ್ ಖಚಿತವಾದ ಮೇಲೆ ಬರೆಯುವ ಸಾಲು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಸೀಸನ್ನಿನಲ್ಲಿ ಐದು ಜನ ಪಿಚರ್‌ಗಳು ಸರದಿಯಲ್ಲಿ ಪಂದ್ಯ ಶುರು ಮಾಡುತ್ತಾರೆ. ಪ್ಲೇಆಫ್‌ನಲ್ಲಿ ನಡುವೆ ಬಿಡುವಿನ ದಿನ ಇರುವುದರಿಂದ ಮೂರು ಅಥವಾ ನಾಲ್ಕು ಜನ ಸಾಕು. ಹಾಗಾಗಿ ಐದನೆಯವನು ಸೋಲುತ್ತಿದ್ದಾನೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲ ಮೂವರಲ್ಲಿ ಒಬ್ಬನ ತೋಳು ನೋವಾದರೆ ಅದು ನಿಜವಾದ ಚಿಂತೆ. 2025ರ ಸೀಸನ್ನಿನ ಕೊನೆಯ ಮೂರು ಪಂದ್ಯಗಳನ್ನು ಡಾಡ್ಜರ್ಸ್ ಗೆದ್ದಾಗ ಸುತ್ತಲಿನವರೆಲ್ಲ ಕಂಗಾಲಾದರು. ನನಗೆ ಅದು ತಾಗಲಿಲ್ಲ, ಡಿವಿಷನ್ ಆಗಲೇ ನಮ್ಮದಾಗಿತ್ತು. ನನ್ನ ನಿದ್ದೆ ಕೆಡಿಸಿದ್ದು ನಮ್ಮ ಪಿಚರ್ ಬ್ರಯನ್ ವೂ. ಹ್ಯೂಸ್ಟನ್ ಸರಣಿಯಲ್ಲೇ ಎದೆಯ ಸ್ನಾಯು ನೋವಿನಿಂದ ಹೊರಗೆ ಹೋಗಿದ್ದ. ಪ್ಲೇಆಫ್‌ನಲ್ಲಿ ಡೆಟ್ರಾಯ್ಟ್ ಜೊತೆಗಿನ ಇಡೀ ಸರಣಿ ಅವನಿಲ್ಲದೇ ಆಡಬೇಕಾಯಿತು. ಎದುರಿಗೆ ಟಾರಿಕ್ ಸ್ಕೂಬಲ್ ಅಂಥ ಪಿಚರ್! ಐದನೇ ಪಂದ್ಯದಲ್ಲಿ ಅವನೊಬ್ಬನೇ 13 ಸಲ ನಮ್ಮ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ. 15 ಇನಿಂಗ್ಸ್ ಆದ ಮೇಲೆ ಹೋರ್ಹೆ ಪೊಲಾಂಕೊ ಹೊಡೆತದಿಂದ 3-2ಕ್ಕೆ ಗೆದ್ದೆವು.

ಇಲ್ಲಿಂದಾಚೆ ನನ್ನ ಲೆಕ್ಕ ನಡೆಯುವುದಿಲ್ಲ. ಮೂರು, ಐದು, ಏಳು ಪಂದ್ಯಗಳ ಸರಣಿಯಲ್ಲಿ ಒಂದು ಚೆಂಡು ಎಲ್ಲವನ್ನೂ ತಿರುಗಿಸಬಹುದು. 2022ರಲ್ಲಿ ಟೊರೊಂಟೊದಲ್ಲಿ 8-1 ಹಿಂದಿದ್ದವರು 10-9ಕ್ಕೆ ಗೆದ್ದರು. ಮುಂದಿನ ಸರಣಿಯಲ್ಲಿ ಹ್ಯೂಸ್ಟನ್ ಜೊತೆ ಸಿಯಾಟಲ್‌ನಲ್ಲಿ 18 ಇನಿಂಗ್ಸ್, ಆರು ಗಂಟೆಗೂ ಜಾಸ್ತಿ ಆಡಿ 1-0ಗೆ ಸೋತು ಹೊರಬಿದ್ದರು. 2025ರಲ್ಲಿ ಲೀಗ್ ಫೈನಲ್‌ನ ಏಳನೇ ಪಂದ್ಯದಲ್ಲಿ 3-1 ಮುಂದಿದ್ದಾಗ ಟೊರೊಂಟೊದ ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿನ ಹೋಮ್ ರನ್ ಹೊಡೆದ. 4-3. ಆ ರಾತ್ರಿಯ ನೋವಿಗೆ ನನ್ನ ಬಳಿ ಸೂತ್ರ ಇಲ್ಲ. ಮೈಸೂರಿನಿಂದ ಫೋನ್ ಬಂತು. "ಮಾವ, ಊಟ ಆಯ್ತಾ?" ಅಂತ ಮಾತ್ರ ಕೇಳಿದ. ಆಟದ ಮಾತು ಇಬ್ಬರೂ ಎತ್ತಲಿಲ್ಲ.

ನೀವೂ ಇದನ್ನು ಮಾಡಿ ನೋಡಬೇಕು ಅಂದರೆ ಸೆಪ್ಟೆಂಬರ್ ಎರಡನೇ ವಾರದಲ್ಲಿ ಶುರು ಮಾಡಿ, ಅದಕ್ಕಿಂತ ಮೊದಲು ಬೇಡ. ಜುಲೈನಲ್ಲಿ ಮ್ಯಾಜಿಕ್ ನಂಬರ್ ಬರೆದರೆ ಸುಮ್ನೆ ಹೆದರಿಕೆ ಹುಟ್ಟುತ್ತದೆ. ವೆಬ್‌ಸೈಟ್‌ಗಳು ದಿನಾ ಕೊಡುವ ಪ್ಲೇಆಫ್ ಶೇಕಡಾವಾರು ಸಾಧ್ಯತೆಯನ್ನು ನಾನು ಭಾನುವಾರ ಮಾತ್ರ ನೋಡುತ್ತೇನೆ. ದಿನಾ ನೋಡಿದರೆ ಅದು ಏರುವುದು ಇಳಿಯುವುದೇ ಇನ್ನೊಂದು ಚಿಂತೆಯಾಗುತ್ತದೆ. ಸಿಯಾಟಲ್‌ನಲ್ಲಿ ಸಂಜೆ 6:40ಕ್ಕೆ ಶುರುವಾಗುವ ಪಂದ್ಯ ಕರ್ನಾಟಕದಲ್ಲಿ ಮರುದಿನ ಬೆಳಿಗ್ಗೆ 7:10ಕ್ಕೆ ಸಿಗುತ್ತದೆ. ತಿಂಡಿ ತಿನ್ನುತ್ತಾ ಮೊದಲ ಮೂರು ಇನಿಂಗ್ಸ್ ಆರಾಮಾಗಿ ನೋಡಬಹುದು.